ಲಕ್ಷದ ತೊಂಬತ್ತಾರು ಸಾವಿರ: ಈ ಸಂಖ್ಯೆಯನ್ನು ಒಡೆದು ನೋಡಿದ್ದೀರಾ?

ತ್ರಿಪುರಾಂತ ಕೆರೆ (ಬಸವಕಲ್ಯಾಣ)

ಎಲ್ಲರಿಗೂ ಶರಣು. ಬಸವಕಲ್ಯಾಣದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಹೋದ ವಾರ ಎಂಟನೇ ತರಗತಿಯಲ್ಲಿ ಅಪವರ್ತನ ನಡೆದಿತ್ತು. 36, 48, 60 ಅಂತ ಬೋರ್ಡ್ ಮೇಲೆ ಬರೆದು ಒಡೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಬಸವಣ್ಣನವರ ಮಹಾಮನೆಯಲ್ಲಿ ದಿನಾ ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಉಣ್ಣುತ್ತಿದ್ದರು ಅಂತ ನಮ್ಮಜ್ಜಿ ಹೇಳ್ತಾಳೆ. ಅಷ್ಟು ಜನರನ್ನ ಎಲ್ಲಾ ಪಂಕ್ತಿಯಲ್ಲೂ ಸಮ ಸಮ ಬರೋ ಹಾಗೆ ಎಷ್ಟು ಥರ ಕೂರಿಸಬಹುದು?" ಅಂದಳು.

ಪಾಠ ಅಲ್ಲಿಗೆ ನಿಂತಿತು. ಎಲ್ಲರೂ ಅದೇ ಲೆಕ್ಕಕ್ಕೆ ಕೂತರು.

1,96,000 = 196 × 1000. 196 ಅಂದರೆ 2² × 7². 1000 ಅಂದರೆ 2³ × 5³. ಎರಡನ್ನೂ ಗುಣಿಸಿದರೆ 2⁵ × 5³ × 7². ಅಪವರ್ತನಗಳು ಎಷ್ಟು ಅಂತ ನೋಡಲು ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಬೇಕು: 6 × 4 × 3 = 72. ಒಂದೇ ಪಂಕ್ತಿಯಲ್ಲಿ ಎಲ್ಲರೂ ಕೂರುವುದರಿಂದ ಹಿಡಿದು ಒಬ್ಬೊಬ್ಬರಿಗೇ ಒಂದು ಪಂಕ್ತಿ ಹಾಕುವವರೆಗೆ 72 ಥರ.

ಮಕ್ಕಳು ಸೂತ್ರ ಬಿಟ್ಟು ಕೈಯಲ್ಲೇ ಪಟ್ಟಿ ಮಾಡಿದ್ದರು. 71 ಬಂತು. ಪಟ್ಟಿ ನೋಡುವ ಮೊದಲೇ ತಪ್ಪು ಅಂದೆ. ಹೇಗೆ ಗೊತ್ತಾಯಿತು ಸರ್ ಅಂತ ಬೆರಗಾದರು. ಅಪವರ್ತನಗಳು ಜೋಡಿಯಾಗಿ ಬರುತ್ತವೆ ಅಲ್ವಾ, 400 ಬಂದರೆ ಜೊತೆಗೆ 490 ಬರಲೇಬೇಕು. ಪೂರ್ಣ ವರ್ಗ ಆಗಿದ್ದರೆ ಮಾತ್ರ ಒಂದು ಒಂಟಿ ಉಳಿಯುತ್ತದೆ. ಹುಡುಕಿದಾಗ 250 ಬರೆದು ಅದರ ಜೋಡಿ 784 ಬಿಟ್ಟಿದ್ದರು.

ಅಂದಹಾಗೆ ಅಂಗಳ ಚೌಕಾಕಾರಕ್ಕೆ ಅತಿ ಹತ್ತಿರ ಬರಬೇಕಾದರೆ 400 ಪಂಕ್ತಿ, ಪಂಕ್ತಿಗೆ 490 ಜನ. ಅದಕ್ಕಿಂತ ಹತ್ತಿರದ ಜೋಡಿ ಇಲ್ಲ.

ಇದು ನಿಜವಾಗಿ ಎಣಿಸಿದ ಲೆಕ್ಕವೋ, "ಬಹಳ ಜನ" ಅನ್ನೋದಕ್ಕೆ ಜನ ಕಟ್ಟಿದ ಮಾತೋ, ಆ ಚರ್ಚೆ ಇಲ್ಲಿ ಬೇಡ. ಸಂಖ್ಯೆಯ ಬಗ್ಗೆ ಇನ್ನೇನಾದರೂ ಇದ್ದರೆ ಹೇಳಿ. ಸೋಮವಾರ ಮಕ್ಕಳು ಕೇಳುತ್ತಾರೆ.

ಕಾಗಿಣಾ ದಂಡೆ (ಸೇಡಂ)

ಸರ್, 2⁵ × 5³ × 7² ಅನ್ನೋದನ್ನ ಇನ್ನೊಮ್ಮೆ ನೋಡಿ. ಒಂದು ಅವಿಭಾಜ್ಯವೂ ಒಂಟಿಯಾಗಿ ಬಂದಿಲ್ಲ. ಎಲ್ಲವೂ ಕನಿಷ್ಠ ಎರಡು ಸಲ ಇವೆ. ಇಂಥ ಸಂಖ್ಯೆಗೆ ಪವರ್‌ಫುಲ್ ನಂಬರ್ ಅನ್ನುತ್ತಾರೆ. ಆ ಹೆಸರು ಕೊಟ್ಟವರು ಸೊಲೊಮನ್ ಗೊಲೊಂಬ್, 1970ರಲ್ಲಿ. ಅವರಿಗಿಂತ ಮೊದಲೇ ಎರ್ಡಿಶ್ ಮತ್ತು ಸೆಕೆರೆಶ್ ಇಂಥ ಸಂಖ್ಯೆಗಳನ್ನು ನೋಡಿದ್ದರು. ಕನ್ನಡದಲ್ಲಿ ಗಟ್ಟಿ ಸಂಖ್ಯೆ ಅನ್ನೋಣ.

ಗಟ್ಟಿ ಸಂಖ್ಯೆಯ ಗುರುತು ಸುಲಭ. ಅದನ್ನು ಯಾವಾಗಲೂ ಒಂದು ವರ್ಗ ಗುಣಿಸು ಒಂದು ಘನ ಅಂತ ಬರೆಯಬಹುದು. ನಿಮ್ಮದು ಬರೆಯುವ ಮೊದಲೇ ಹಾಗಿದೆ: 14² × 10³. ತೊಂಬತ್ತಾರು ಸಾವಿರ ಅನ್ನುವಾಗ ನಮಗೆ ಇದು ಕಿವಿಗೆ ಬೀಳುವುದೇ ಇಲ್ಲ.

ಈಗ ಮಜಾ ನೋಡಿ. ಇಷ್ಟು ಗಟ್ಟಿ ಇದ್ದರೂ ಇದು ಪೂರ್ಣ ವರ್ಗ ಅಲ್ಲ, ಪೂರ್ಣ ಘನ ಅಲ್ಲ, ಯಾವ ಪೂರ್ಣ ಘಾತವೂ ಅಲ್ಲ. 5, 3, 2 ಈ ಮೂರು ಘಾತಾಂಕಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ, ಅದಕ್ಕೆ. ಗಟ್ಟಿ ಇದ್ದೂ ಪೂರ್ಣ ಅಲ್ಲದ ಇಂಥ ಸಂಖ್ಯೆಗೆ ಅಕಿಲೀಸ್ ಸಂಖ್ಯೆ ಅಂತ ಹೆಸರು. ಆ ಗ್ರೀಕ್ ವೀರನಿಗೆ ಮೈಯೆಲ್ಲಾ ಗಟ್ಟಿ, ಹಿಮ್ಮಡಿ ಮಾತ್ರ ಮೆತ್ತಗೆ. ನಮ್ಮ ಕಡೆ ಬಯಲಾಟ ನೋಡಿದವರಿಗೆ ದುರ್ಯೋಧನನ ತೊಡೆ ಅಂದರೆ ಸಾಕು.

ಅತಿ ಚಿಕ್ಕ ಅಕಿಲೀಸ್ ಸಂಖ್ಯೆ ಯಾವುದು ಗೊತ್ತಾ? 72. ಅಂದರೆ 2³ × 3². ನಿಮ್ಮ ಪಂಕ್ತಿಗಳ ಲೆಕ್ಕ ಎಷ್ಟು ಬಂದಿತ್ತು?

ಎರಡನೇ ಪಿಯು ಸೈನ್ಸ್

ಅಯ್ಯೋ ಮೈ ಜುಮ್ಮೆಂದಿತು. 72ಕ್ಕೂ 72ಕ್ಕೂ ಏನಾದರೂ ಸಂಬಂಧ ಇದೆಯಾ ಅಣ್ಣಾ?

ಕಾಗಿಣಾ ದಂಡೆ (ಸೇಡಂ)

ಏನೂ ಇಲ್ಲ ತಮ್ಮಾ. ಸುಮ್ನೆ ಹಾಗೆ ಬಂದಿದೆ. ಆದರೆ ಚೆಂದ ಇದೆ.

ತೊಗರಿ ಮಾಪಣ (ಕಲಬುರಗಿ)

ನಾನು ಗಂಜ್‌ನಲ್ಲಿ ಲೆಕ್ಕ ಬರೆಯುವವನು. ಹಿಂದೆ ಸೊನ್ನೆ ಜಾಸ್ತಿ ಇರುವ ಅಂಕಿ ಕಂಡರೆ ನನಗೆ ಮೊದಲು ಅನುಮಾನ. ಪಟ್ಟಿಯಲ್ಲಿ 50,000 ಅಂತ ನೇರ ಬಿದ್ದರೆ ಯಾರೋ ಅಂದಾಜು ಬರೆದಿದ್ದಾರೆ ಅಂತಲೇ ಅರ್ಥ. ಹಾಗಾಗಿ ಕೇಳುತ್ತೇನೆ, ಈ ಗಟ್ಟಿತನ ಸಂಖ್ಯೆಯದ್ದೋ, ಮೂರು ಸೊನ್ನೆಯದ್ದೋ?

ಮೂರು ಸೊನ್ನೆ ಬಂದ ಕೂಡಲೇ 2³ × 5³ ಪುಕ್ಕಟೆ ಸಿಕ್ಕಿತು. ಇನ್ನು 2 ಮತ್ತು 5ರ ಚಿಂತೆ ಇಲ್ಲ. ನಿನ್ನೆ ಮಧ್ಯಾಹ್ನ ಹೊರಗೆ ಹೋಗಲಾರದ ಬಿಸಿಲು, ಅಂಗಡಿ ಖಾಲಿ. ಒಂದು ಸಾವಿರದಿಂದ ಎರಡು ಲಕ್ಷದವರೆಗೆ ಸಾವಿರ ಸಾವಿರವಾಗಿ 200 ಸಂಖ್ಯೆ ಇವೆ. ಅವುಗಳಲ್ಲಿ ಗಟ್ಟಿ ಎಷ್ಟು ಅಂತ ಕೂತು ಎಣಿಸಿದೆ. ಸಾವಿರ ತೆಗೆದು, ಉಳಿದುದರಲ್ಲಿನ 2, 5 ಎಲ್ಲಾ ತೆಗೆದರೆ 1, 9, 27, 49, 81, 121, 169 ಇವುಗಳಲ್ಲಿ ಒಂದು ಉಳಿಯಬೇಕು. ಬೇರೆ ಏನು ಉಳಿದರೂ ಗಟ್ಟಿ ಅಲ್ಲ. ಒಂದೊಂದಕ್ಕೆ ಕ್ರಮವಾಗಿ 19, 8, 4, 3, 2, 1, 1 ಬಂದವು. ಒಟ್ಟು 38.

200ಕ್ಕೆ 38 ಅಂದರೆ ಹತ್ತಿರ ಹತ್ತಿರ ಐದರಲ್ಲಿ ಒಂದು! ಆ 38ರಲ್ಲಿ ಪೂರ್ಣ ಘಾತಗಳು 10. ಘನ ಐದು: 1000, 8000, 27,000, 64,000, 1,25,000. ವರ್ಗ ನಾಲ್ಕು: 10,000, 40,000, 90,000, 1,60,000. ಒಂದು ಲಕ್ಷ 10ರ ಐದನೇ ಘಾತ. ಉಳಿದ 28 ಎಲ್ಲಾ ನಿಮ್ಮ ದುರ್ಯೋಧನನ ತೊಡೆಯವೇ. 2000 ಕೂಡ ಅದೇ ಜಾತಿ. ಹಾಗಾಗಿ ಜುಮ್ಮೆನ್ನುವಂಥದ್ದು ಏನಿಲ್ಲ ಅನ್ನಿಸಿತು.

ಕಾಗಿಣಾ ದಂಡೆ (ಸೇಡಂ)

ಒಪ್ಪಿದೆ ಕಾಕಾ. ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಆದರೂ ಸೊನ್ನೆ ಇದ್ದವೆಲ್ಲಾ ಗಟ್ಟಿ ಅಲ್ಲ ನೋಡಿ. 1,97,000 ತೊಗೊಳ್ಳಿ, 197 ಅವಿಭಾಜ್ಯ, ಅಲ್ಲಿಗೆ ಮುಗಿಯಿತು. 1,95,000ದಲ್ಲಿ 3 ಮತ್ತು 13 ಒಂಟಿಯಾಗಿ ನಿಂತಿವೆ.

ಒಂದೊಂದೇ ಹೆಜ್ಜೆ ಆಚೀಚೆ ಹೋದರೆ ಇನ್ನೂ ಸಡಿಲ. 1,95,999 = 3 × 79 × 827. 1,96,001 = 13 × 15077. ಎರಡರಲ್ಲೂ ಎಲ್ಲಾ ಅವಿಭಾಜ್ಯ ಒಂದೊಂದೇ ಸಲ.

ಬಿದ್ರಿ ತಟ್ಟೆ (ಬೀದರ್)

ತಡವಾಗಿ ಬಂದೆ. ಗಣಿತ ಎಂ.ಎಸ್ಸಿ. ಮಾಡಿ ಈಗ ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ತೊಗರಿ ಕಾಕಾ ಹೇಳಿದ್ದು ಪೂರ್ತಿ ಸರಿ, ಅಕಿಲೀಸ್ ಅಷ್ಟೇನೂ ಅಪರೂಪ ಅಲ್ಲ. ಈ ಸಂಖ್ಯೆಯ ನಿಜವಾದ ಅಪರೂಪ ಬೇರೆ ಕಡೆ ಇದೆ. ಒಂದು ಸೊನ್ನೆ ಅಳಿಸಿ ನೋಡಿ. 19,600.

ಮದುವೆ ಮನೆಯಲ್ಲಿ ಶೇಂಗಾ ಉಂಡಿ ಪೇರಿಸುವುದು ನೋಡಿರುತ್ತೀರಿ. ಮೂರು ಮೂಲೆಯ ರಾಶಿ ಅಂತ ಇಟ್ಟುಕೊಳ್ಳಿ. ತುದಿಯಲ್ಲಿ 1 ಉಂಡಿ. ಅದರ ಕೆಳಗೆ 3. ಅದರ ಕೆಳಗೆ 6. ಆಮೇಲೆ 10, 15, 21, ಹೀಗೆ. ಒಟ್ಟು ಉಂಡಿ 1, 4, 10, 20, 35, 56 ಅಂತ ಬೆಳೆಯುತ್ತದೆ. ಇದರಲ್ಲಿ 1 ವರ್ಗ, 4 ವರ್ಗ. ಮುಂದೆ ಎಲ್ಲಿ ವರ್ಗ ಸಿಗುತ್ತದೆ?

48 ಪದರ ಪೇರಿಸಬೇಕು. ಆಗ 48 × 49 × 50 ÷ 6 = 19,600. ಅದು 140ರ ವರ್ಗ. ಅಂದರೆ ಅಷ್ಟೇ ಉಂಡಿಗಳನ್ನು ಕೆಳಗಿಳಿಸಿ ಜಮಖಾನದ ಮೇಲೆ 140 ಸಾಲು, ಸಾಲಿಗೆ 140 ಅಂತ ಇಟ್ಟರೆ ಒಂದೂ ಮಿಗುವುದಿಲ್ಲ, ಒಂದೂ ಕಡಿಮೆ ಬೀಳುವುದಿಲ್ಲ.

ಇದಾದ ಮೇಲೆ? ಇಲ್ಲ. ಎಷ್ಟು ಕೋಟಿ ಪದರ ಪೇರಿಸಿದರೂ ಮತ್ತೆ ವರ್ಗ ಬರುವುದಿಲ್ಲ. 1, 4, 19,600, ಈ ಮೂರೇ. 1878ರಲ್ಲಿ ಮೇಲ್ ಅನ್ನುವವರು ಇದನ್ನು ಸಾಧಿಸಿ ತೋರಿಸಿದರು. ನಮ್ಮ ಲಕ್ಷದ ತೊಂಬತ್ತಾರು ಸಾವಿರ ಅಂದರೆ ಅಂಥ ಹತ್ತು ರಾಶಿ. ಹತ್ತು ರಾಶಿ ಪೇರಿಸಿಟ್ಟರೆ ಜಂಗಮರಿಗೆ ತಲೆಗೊಂದು ಉಂಡಿ.

ಇನ್ನೊಂದು ಪುಟ್ಟ ವಿಷಯ. ಈ ಸಂಖ್ಯೆಯನ್ನು 10ರಿಂದ ಭಾಗಿಸಿದರೆ 140², 14ರಿಂದ ಗುಣಿಸಿದರೆ 140³. ನಂಬಿಕೆ ಬರದಿದ್ದರೆ ಮಾಡಿ ನೋಡಿ, 27,44,000 ಬರುತ್ತದೆ.

ಎರಡನೇ ಪಿಯು ಸೈನ್ಸ್

ಅಕ್ಕಾ, ನಾನು 48 ಪದರ ಕೂಡಿದೆ, 38,024 ಬಂತು. ಎರಡು ಸಲ ಮಾಡಿದೆ, ಮೊಬೈಲಲ್ಲೂ ಮಾಡಿದೆ. ನಿಮ್ಮ 19,600 ಸಿಗುತ್ತಿಲ್ಲ.

ಬಿದ್ರಿ ತಟ್ಟೆ (ಬೀದರ್)

ನೀನು 1 + 4 + 9 + 16 ಅಂತ ಕೂಡಿದ್ದೀಯ ಅಲ್ವಾ? ಅದು ನಾಲ್ಕು ಮೂಲೆಯ ರಾಶಿ. ನಾನು ಹೇಳಿದ್ದು ಮೂರು ಮೂಲೆಯದು, 1 + 3 + 6 + 10. ಕೂಡಿದ್ದು ಸರಿ ಇದೆ, ರಾಶಿ ಬೇರೆ ಆಯಿತು ಅಷ್ಟೇ.

ಆದರೆ ತಪ್ಪು ದಾರಿಯಲ್ಲಿ ಒಳ್ಳೇ ಊರಿಗೇ ಬಂದಿದ್ದೀಯ. ನಾಲ್ಕು ಮೂಲೆಯ ರಾಶಿಯನ್ನು 48ರ ಬದಲು 24 ಪದರಕ್ಕೆ ನಿಲ್ಲಿಸು. 24 × 25 × 49 ÷ 6 = 4900. ಅದು 70ರ ವರ್ಗ! ಇದು ಹೆಸರಾದ ಸಮಸ್ಯೆ. 1875ರಲ್ಲಿ ಫ್ರಾನ್ಸಿನ ಲೂಕಾ ತೋಪಿನ ಗುಂಡುಗಳ ರಾಶಿ ಅಂತ ಇದನ್ನು ಕೇಳಿದರು. 1 ಬಿಟ್ಟರೆ 4900 ಒಂದೇ ಅಂತ ಪೂರ್ತಿಯಾಗಿ ಸಾಧಿಸಿದ್ದು 1918ರಲ್ಲಿ, ವಾಟ್ಸನ್. ನಡುವೆ 43 ವರ್ಷ. ಬೀದರ್ ಕೋಟೆಯ ಬುರುಜಿನ ಮೇಲಿನ ದೊಡ್ಡ ತೋಪು ನೋಡಿದಾಗಲೆಲ್ಲಾ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ಮನೆಯವರು ನಗುತ್ತಾರೆ.

ಈಗ ಎರಡನ್ನೂ ಜೋಡಿಸು. 4900 × 4 = 19,600. 24 ಪದರದ ನಾಲ್ಕು ಮೂಲೆ ರಾಶಿ ನಾಲ್ಕು ಸೇರಿದರೆ 48 ಪದರದ ಒಂದು ಮೂರು ಮೂಲೆ ರಾಶಿ. ಇದು ಈ ಸಂಖ್ಯೆಗೆ ಮಾತ್ರ ಅಲ್ಲ, ಯಾವಾಗಲೂ ನಿಜ: ಪದರ ಎರಡರಷ್ಟು ಮಾಡಿದರೆ ನಾಲ್ಕು ರಾಶಿ ಒಂದಾಗುತ್ತವೆ. ಸೂತ್ರ ಬರೆದು ನೋಡು, ಎರಡೇ ಸಾಲು.

ತ್ರಿಪುರಾಂತ ಕೆರೆ (ಬಸವಕಲ್ಯಾಣ)

ಅಕ್ಕಾ, ಸೋಮವಾರಕ್ಕೆ ಇದು ಸಾಕು. ಉಂಡಿ ತರಲು ದುಡ್ಡಿಲ್ಲ, ಹುಣಸೆ ಬೀಜದಲ್ಲಿ ನಾಲ್ಕು ಪದರ ಮಾಡಿಸುತ್ತೇನೆ.

ಚುಳುಕಿನಾಲಾ (ಬಸವಕಲ್ಯಾಣ)

ಸರ್, 770 ಅಮರಗಣಂಗಳು ಬಿಟ್ಟಿರಿ. ಅದೂ ನಮ್ಮ ಕಲ್ಯಾಣದ್ದೇ ಸಂಖ್ಯೆ. ಅದರಲ್ಲೂ ಏನೋ ಇರಬೇಕು.

ಕಾಗಿಣಾ ದಂಡೆ (ಸೇಡಂ)

770 = 2 × 5 × 7 × 11. ಪೂರ್ತಿ ಉಲ್ಟಾ ಸ್ವಭಾವ! ಅಲ್ಲಿ ಎಲ್ಲಾ ಅವಿಭಾಜ್ಯಕ್ಕೂ ಜೊತೆ ಇತ್ತು, ಇಲ್ಲಿ ಎಲ್ಲರೂ ಒಂಟಿ.

ಇನ್ನೊಂದು ಪರೀಕ್ಷೆಯಲ್ಲೂ ಉಲ್ಟಾ. ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುತ್ತದಾ ಅಂತ ನೋಡೋಣ. 4ರಿಂದ ಭಾಗಿಸಿದರೆ 3 ಶೇಷ ಬರುವ ಅವಿಭಾಜ್ಯಗಳು, ಅಂದರೆ 3, 7, 11 ಥರದವು, ಜೋಡಿ ಜೋಡಿಯಾಗಿಯೇ ಇರಬೇಕು. ಅದು ಷರತ್ತು. ಲಕ್ಷದ ತೊಂಬತ್ತಾರು ಸಾವಿರದಲ್ಲಿ 7 ಎರಡು ಸಲ ಇದೆ, ಪಾಸು. 140² + 420² ಒಂದು, 252² + 364² ಇನ್ನೊಂದು. ಮೂರನೆಯದು ಇಲ್ಲ. 770ರಲ್ಲಿ 7 ಒಂಟಿ, 11 ಒಂಟಿ. ಏನು ಮಾಡಿದರೂ ಆಗುವುದಿಲ್ಲ.

ಎರಡನೇ ಪಿಯು ಸೈನ್ಸ್

ನಾನೂ ಒಂದು ಕಂಡುಹಿಡಿದೆ! 1ರಿಂದ 10ರವರೆಗಿನ ವರ್ಗ ಕೂಡಿದರೆ 385. ಎರಡರಷ್ಟು ಮಾಡಿದರೆ 770. ಹತ್ತು ಪದರದ ಎರಡು ರಾಶಿ! ಹಿಂದಿನವರು ಬೇಕಂತಲೇ ಇಟ್ಟಿರಬೇಕು ಅನ್ನಿಸುತ್ತದೆ.

ತೊಗರಿ ಮಾಪಣ (ಕಲಬುರಗಿ)

ತಮ್ಮಾ, 385 ಕಂಡುಹಿಡಿದೆ, ಶಬ್ಬಾಶ್. ಆದರೆ "ಬೇಕಂತಲೇ" ಅನ್ನುವಲ್ಲಿ ನಿಲ್ಲು. ನೀನು 770ಕ್ಕೆ ವರ್ಗ ನೋಡಿದೆ, ಘನ ನೋಡಿದೆ, ಎರಡರಷ್ಟು ನೋಡಿದೆ, ಅರ್ಧ ನೋಡಿದೆ. ಇಷ್ಟು ಬಲೆ ಬೀಸಿದರೆ ಭೀಮಾ ನದಿಯಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ನನ್ನ ಅಂಗಡಿ ಬಾಡಿಗೆಯಲ್ಲೂ ಸಿಗುತ್ತದೆ. 19,600ದ ಮಾತು ಬೇರೆ. ಅಲ್ಲಿ ಮೊದಲೇ ಪ್ರಶ್ನೆ ಇತ್ತು, ಉತ್ತರ ಮೂರೇ ಅಂತ ಸಾಧನೆ ಇತ್ತು, ಆಮೇಲೆ ನಮ್ಮ ಸಂಖ್ಯೆ ಅಲ್ಲಿ ಕಂಡಿತು. ಅದಕ್ಕೂ ನಮ್ಮ ಶರಣರಿಗೂ ಗಂಟು ಹಾಕಲು ನಾನು ಒಪ್ಪುವುದಿಲ್ಲ. ಆದರೆ ಆ ಲೆಕ್ಕ ಓದಿ ಖುಷಿಯಾಗಿದ್ದು ನಿಜ.

ಕಾಗಿಣಾ ದಂಡೆ (ಸೇಡಂ)

ಬೇಕಂತಲೇ ಇಟ್ಟ ಸಂಖ್ಯೆ ಬೇಕಾ? ಮಳಖೇಡಕ್ಕೆ ಬನ್ನಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ, ನಮ್ಮ ಸೇಡಂ ತಾಲೂಕಿನಲ್ಲಿ, ಕಾಗಿಣಾ ದಂಡೆಯ ಮೇಲೆ. 9ನೇ ಶತಮಾನದಲ್ಲಿ ಮಹಾವೀರಾಚಾರ್ಯ ಅಮೋಘವರ್ಷ ನೃಪತುಂಗನನ್ನು ಹೊಗಳಿ ಗಣಿತಸಾರ ಸಂಗ್ರಹ ಶುರು ಮಾಡುತ್ತಾನೆ. ಗುಣಾಕಾರದ ಭಾಗದಲ್ಲಿ ಕೊರಳ ಹಾರದಂಥ ಸಂಖ್ಯೆ ಬರುವ ಲೆಕ್ಕಗಳನ್ನು ಕೊಟ್ಟಿದ್ದಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

27994681 × 441 = 12345654321

ಓದಿದರೆ 1,234 ಕೋಟಿ 56 ಲಕ್ಷ 54 ಸಾವಿರದ 321. ಏರಿ ಇಳಿಯುವ ಮುತ್ತಿನ ಸರ! ಇದು 1,11,111ರ ವರ್ಗ. 111111 = 111 × 1001. 111 = 3 × 37, 1001 = 7 × 11 × 13. ಹಾಗಾಗಿ ಹಾರ ಪೂರ್ತಿ ಬಿಚ್ಚಿದರೆ 3² × 7² × 11² × 13² × 37². ಇದೂ ಗಟ್ಟಿ ಸಂಖ್ಯೆಯೇ, ಆದರೆ ಪೂರ್ಣ ವರ್ಗ. ಇದಕ್ಕೆ ತೊಡೆಯ ಚಿಂತೆ ಇಲ್ಲ. ಅಪವರ್ತನ 3 × 3 × 3 × 3 × 3 = 243. ಬೆಸ ಬಂತು ನೋಡಿ ಸರ್, ನಿಮ್ಮ ಮಕ್ಕಳಿಗೆ ತೋರಿಸಿ.

ಅವನು ಹಾರವನ್ನು ಎಲ್ಲಿ ಕತ್ತರಿಸಿದ್ದಾನೆ ಅನ್ನೋದು ನನಗೆ ಇಷ್ಟ. 441 ಅಂದರೆ 3² × 7². ಉಳಿದ ಭಾಗ 11 × 13 × 37, ಅಂದರೆ 5291ರ ವರ್ಗ. 27994681 ಅಂತ ಬರೆದಾಗ ಯಾರಿಗೂ ಸುಳಿವು ಸಿಗುವುದಿಲ್ಲ. ಗುಣಿಸಿ ಮುಗಿಸಿದ ಮೇಲೆಯೇ ಹಾರ ಕಾಣಬೇಕು.

ಇನ್ನೊಂದು: 152207 × 73 = 11111111. ಎಂಟು ಒಂದುಗಳು.

ಬಿದ್ರಿ ತಟ್ಟೆ (ಬೀದರ್)

ಈ 1001 ಬಹಳ ಕೆಲಸಕ್ಕೆ ಬರುತ್ತದೆ. ಟ್ಯೂಷನ್ ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ, ಒಂದು ಕೂಡಿ ಒಂದು ಕಳೆಯಿರಿ. ಬಂದದ್ದು 7, 11, 13ರಲ್ಲಿ ಯಾವುದರಿಂದ ಶೇಷವಿಲ್ಲದೆ ಹೋಗುತ್ತದೋ ಮೂಲ ಸಂಖ್ಯೆಯೂ ಅದರಿಂದ ಹೋಗುತ್ತದೆ. 1,96,001ಕ್ಕೆ ಮಾಡಿ. 1 ಕಳೆ 196, ಅಂದರೆ ಋಣ 195. 195 = 13 × 15. ಅಲ್ಲಿಗೆ 13 ಸಿಕ್ಕಿತು.

ತೊಗರಿ ಮಾಪಣ (ಕಲಬುರಗಿ)

ಇದು ಬೇಕಾಗಿತ್ತು. ತಕ್ಷಣ ನಮ್ಮ ಕಲಬುರಗಿ ಪಿನ್ ಕೋಡ್ ಮೇಲೆ ಮಾಡಿದೆ. 585101. 101 ಕಳೆ 585, ಋಣ 484. 484 ಅಂದರೆ 4 × 121. 11 ಹೋಗುತ್ತದೆ, 7 ಇಲ್ಲ, 13 ಇಲ್ಲ. 11 ತೆಗೆದರೆ 53191. ಆಮೇಲೆ ಒಂದೊಂದೇ ಅವಿಭಾಜ್ಯ ಹಾಕುತ್ತಾ ಹೋಗಿ 43ಕ್ಕೆ ಸಿಕ್ಕಿತು. 585101 = 11 × 43 × 1237. ಗಿರಾಕಿ ಬಂದು ಎರಡು ಸಲ ಕೂಗಿದ, ಕೇಳಿಸಲೇ ಇಲ್ಲ.

ಬಿದ್ರಿ ತಟ್ಟೆ (ಬೀದರ್)

ನಮ್ಮ ಬೀದರ್ 585401. 401 ಕಳೆ 585, ಋಣ 184. 184 = 8 × 23. ಈ ಬಲೆಗೆ ಏನೂ ಬೀಳಲಿಲ್ಲ.

ಮೂರರ ಬದಲು ನಾಲ್ಕು ನಾಲ್ಕು ಅಂಕಿ ಕತ್ತರಿಸಿದರೆ 10001 ಕೆಲಸಕ್ಕೆ ಬರುತ್ತದೆ, ಅದು 73 × 137. 5401 ಕಳೆ 58, 5343. ಅದು 137 × 39! ಹಾಗಾಗಿ 585401 = 137 × 4273. 4273 ಅವಿಭಾಜ್ಯ, 61ರವರೆಗೆ ಹಾಕಿ ನೋಡಿದೆ.

ಸೇಡಂ ಅಣ್ಣಾ, ನಿಮ್ಮ ಮಹಾವೀರನ 152207 ಒಡೆದು ನೋಡಿ. 11 × 101 × 137. ಎಂಟು ಒಂದುಗಳ ಹಾರದಲ್ಲಿ 73 ಒಂದು ಕಡೆ, 137 ಇನ್ನೊಂದು ಕಡೆ. ಆ 137 ನಮ್ಮ ಪಿನ್ ಕೋಡಿನೊಳಗೆ ಕೂತಿದೆ. ತೊಗರಿ ಕಾಕಾ ಬೈಯುವ ಮೊದಲೇ ಹೇಳುತ್ತೇನೆ, ಬರೀ ಕಾಕತಾಳೀಯ.

ತೊಗರಿ ಮಾಪಣ (ಕಲಬುರಗಿ)

ಬೈಯಲ್ಲವ್ವಾ, ಇದನ್ನ ಬಿಡ್ತೀನಿ.

ಸುರಪುರ ದಾರಿ (ಯಾದಗಿರಿ)

ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ. ನಮ್ಮ ಯಾದಗಿರಿಯನ್ನು ಯಾರೂ ಕೇಳಲಿಲ್ಲ, ಯಾವಾಗಲೂ ಹೀಗೇ. 585201. ಅಂಕಿ ಕೂಡಿದರೆ 21, ಹಾಗಾಗಿ 3 ಮೊದಲ ಏಟಿಗೇ ಬಂತು. ಉಳಿದದ್ದು 195067. 1001 ಹಾಕಿದೆ, ಇಲ್ಲ. 10001 ಹಾಕಿದೆ, ಇಲ್ಲ. 17, 19, 23 ಅಂತ ಶುರು ಮಾಡಿದೆ. 50 ದಾಟಿದೆ, 60 ದಾಟಿದೆ. ಅವಿಭಾಜ್ಯವೇ ಇರಬೇಕು ಅಂತ ಬಿಡುವವನಿದ್ದೆ. 89 ಕೂಡ ಆಗಲಿಲ್ಲ. 97ಕ್ಕೆ ಬಿತ್ತು.

585201 = 3 × 97 × 2011.

ಅಷ್ಟರಲ್ಲಿ ರೊಟ್ಟಿ ಆರಿ ಹಪ್ಪಳ ಆಗಿತ್ತು.